ಮನೆಯ ಗಣಕಯಂತ್ರದ ಸಿಸ್ಟಂ ಲಾಗ್‌ನಲ್ಲಿ ಮರುಕಳಿಸುವ ದೋಷ ನಮೂದುಗಳು: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗಾಗಿ ಸಾರ್ವಜನಿಕರು ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವುದು ಈಗ ಸಾಮಾನ್ಯವಾಗಿದೆ. ಇದರಿಂದ ಕಚೇರಿಗೆ ಅಲೆಯುವುದು ಬಹುಮಟ್ಟಿಗೆ ತಪ್ಪಿದೆ. ಆದರೆ ಅರ್ಜಿಯನ್ನು ಭರ್ತಿ ಮಾಡುವ ನಡುವೆ ಗಣಕಯಂತ್ರವು ತಾನಾಗಿಯೇ ನಿಂತುಹೋಗುವುದು, ಶುಲ್ಕ ಪಾವತಿಯ ಹಂತದಲ್ಲಿ ಬ್ರೌಸರ್ ಮುಚ್ಚಿಹೋಗುವುದು, ಸ್ಕ್ಯಾನ್ ಮಾಡಿಟ್ಟ ದಾಖಲೆಗಳು ತೆರೆಯದಿರುವುದು ಮುಂತಾದ ತೊಂದರೆಗಳು ಹಲವು ಅರ್ಜಿದಾರರಿಗೆ ಎದುರಾಗುತ್ತವೆ. ಕೊನೆಯ ದಿನಾಂಕದ ಸಂಜೆ ಹೀಗಾದಲ್ಲಿ ವಿದ್ಯಾರ್ಥಿಯೊಬ್ಬರ ಇಡೀ ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪುವ ಸಂಭವವಿರುತ್ತದೆ.

ಇಂತಹ ತೊಂದರೆಗಳು ಬಹುತೇಕ ಸಂದರ್ಭಗಳಲ್ಲಿ ಮುನ್ಸೂಚನೆಯಿಲ್ಲದೆ ಬರುವುದಿಲ್ಲ. ಗಣಕಯಂತ್ರವು ತನ್ನಲ್ಲಿ ಉಂಟಾದ ದೋಷಗಳನ್ನು ದಿನಾಂಕ ಮತ್ತು ವೇಳೆ ಸಹಿತ ತಾನೇ ದಾಖಲಿಸುತ್ತಿರುತ್ತದೆ. ಈ ದಾಖಲೆಯನ್ನು ಓದುವ ಕ್ರಮ, ಅದರಲ್ಲಿ ಗಮನಿಸಬೇಕಾದ ನಮೂದುಗಳು, ಕಡೆಗಣಿಸಬಹುದಾದ ನಮೂದುಗಳು ಹಾಗೂ ಕೈಗೊಳ್ಳಬೇಕಾದ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

1. ಸಿಸ್ಟಂ ಲಾಗ್ ಎಂದರೇನು?

ಸರ್ಕಾರಿ ಕಚೇರಿಯಲ್ಲಿ ಬಂದ ಪ್ರತಿಯೊಂದು ಪತ್ರವನ್ನು ಆವಕ ವಹಿಯಲ್ಲಿ ಕ್ರಮಸಂಖ್ಯೆ, ದಿನಾಂಕ ಮತ್ತು ಕಳುಹಿಸಿದವರ ವಿವರದೊಂದಿಗೆ ನಮೂದಿಸಲಾಗುತ್ತದೆ. ಪತ್ರವು ಮುಖ್ಯವಾದುದೇ ಅಲ್ಲವೇ ಎಂಬುದನ್ನು ವಹಿಯು ತೀರ್ಮಾನಿಸುವುದಿಲ್ಲ. ಬಂದುದನ್ನು ಬಂದಂತೆ ಬರೆದಿಡುವುದಷ್ಟೇ ಅದರ ಕಾರ್ಯ. ಗಣಕಯಂತ್ರದ ಲಾಗ್ ಸಹ ಇದೇ ರೀತಿಯದು. ಯಂತ್ರವು ಪ್ರಾರಂಭವಾದುದು, ಮುಚ್ಚಲ್ಪಟ್ಟುದು, ಯಾವುದೋ ಒಂದು ಸೇವೆ ಚಾಲನೆಗೊಳ್ಳದೆ ಹೋದುದು, ಡಿಸ್ಕ್ ಓದುವಲ್ಲಿ ತಡೆ ಉಂಟಾದುದು ಇವೆಲ್ಲವೂ ಅದರಲ್ಲಿ ದಾಖಲಾಗುತ್ತವೆ.

ಮೈಕ್ರೋಸಾಫ್ಟ್ ಸಂಸ್ಥೆಯು 1993ರಲ್ಲಿ ಹೊರತಂದ ವಿಂಡೋಸ್ ಎನ್‌ಟಿ ಕಾರ್ಯಾಚರಣಾ ವ್ಯವಸ್ಥೆಯಿಂದಲೂ ಈ ಏರ್ಪಾಡು ಇದೆ. ಇದನ್ನು ಓದುವ ಸಾಧನಕ್ಕೆ ಇವೆಂಟ್ ವ್ಯೂವರ್ ಎಂದು ಹೆಸರು. ವಿಂಡೋಸ್ ವಿಸ್ಟಾದಲ್ಲಿ ಇದು ಪಡೆದ ಸ್ವರೂಪವೇ ಅಲ್ಪ ಬದಲಾವಣೆಗಳೊಂದಿಗೆ ವಿಂಡೋಸ್ 10 ಮತ್ತು 11ರಲ್ಲಿಯೂ ಮುಂದುವರಿದಿದೆ. ಲಾಗ್‌ಗೆ ಗಾತ್ರದ ಮಿತಿ ಇರುತ್ತದೆ. ಮಿತಿ ತುಂಬಿದ ನಂತರ ಹಳೆಯ ನಮೂದುಗಳು ಅಳಿಸಿಹೋಗಿ ಹೊಸವು ಸೇರುತ್ತವೆ. ಆದುದರಿಂದ ತೊಂದರೆ ಕಂಡ ಕೆಲವು ದಿನಗಳೊಳಗೆ ಲಾಗ್ ಪರಿಶೀಲಿಸುವುದು ಸೂಕ್ತ.

2. ಲಾಗ್ ತೆರೆಯುವ ವಿಧಾನ

(ಅ) ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ 'ಇವೆಂಟ್ ವ್ಯೂವರ್' ಎಂಬುದನ್ನು ಆಯ್ಕೆ ಮಾಡತಕ್ಕದ್ದು.

(ಆ) ಎಡಬದಿಯಲ್ಲಿ 'ವಿಂಡೋಸ್ ಲಾಗ್ಸ್' ಎಂಬುದನ್ನು ತೆರೆದಲ್ಲಿ ಅಪ್ಲಿಕೇಶನ್, ಸೆಕ್ಯುರಿಟಿ, ಸೆಟಪ್, ಸಿಸ್ಟಂ ಮತ್ತು ಫಾರ್ವರ್ಡೆಡ್ ಇವೆಂಟ್ಸ್ ಎಂಬ ಐದು ವಿಭಾಗಗಳು ಕಾಣುತ್ತವೆ. ಮನೆಬಳಕೆಯ ಯಂತ್ರಕ್ಕೆ ಸಿಸ್ಟಂ ಮತ್ತು ಅಪ್ಲಿಕೇಶನ್ ವಿಭಾಗಗಳೇ ಮುಖ್ಯ.

(ಇ) ಬಲಬದಿಯ 'ಫಿಲ್ಟರ್ ಕರೆಂಟ್ ಲಾಗ್' ಆಯ್ಕೆಯಲ್ಲಿ ಕ್ರಿಟಿಕಲ್ ಮತ್ತು ಎರರ್ ಎಂಬ ಎರಡು ಮಟ್ಟಗಳನ್ನು ಮಾತ್ರ ಗುರುತಿಸಿ, ಅವಧಿಯನ್ನು ಕಳೆದ 7 ದಿನಗಳು ಎಂದು ನಿಗದಿಪಡಿಸಿದಲ್ಲಿ ಪಟ್ಟಿಯು ಓದಲು ಅನುಕೂಲವಾಗುವಷ್ಟು ಚಿಕ್ಕದಾಗುತ್ತದೆ.

(ಈ) ಇದು ಕ್ಲಿಷ್ಟವೆನಿಸಿದಲ್ಲಿ, ಹುಡುಕು ಪೆಟ್ಟಿಗೆಯಲ್ಲಿ 'ರಿಲಯಬಿಲಿಟಿ' ಎಂದು ಆಂಗ್ಲದಲ್ಲಿ ಟೈಪಿಸಿದಾಗ ದೊರೆಯುವ ರಿಲಯಬಿಲಿಟಿ ಮಾನಿಟರ್ ಸಾಧನವನ್ನು ಬಳಸಬಹುದು. ಇದು ಯಾವ ದಿನ ಯಾವ ತೊಂದರೆ ಉಂಟಾಯಿತೆಂಬುದನ್ನು ಕ್ಯಾಲೆಂಡರಿನಂತೆ ತೋರಿಸುತ್ತದೆ ಮತ್ತು ಯಂತ್ರದ ಸ್ಥಿರತೆಗೆ 1ರಿಂದ 10ರವರೆಗೆ ಅಂಕ ನೀಡುತ್ತದೆ.

3. ಎಲ್ಲ ಕೆಂಪು ಗುರುತುಗಳೂ ಅಪಾಯಕಾರಿಯಲ್ಲ

ಮೊದಲ ಬಾರಿಗೆ ಲಾಗ್ ತೆರೆದವರು ಅದರಲ್ಲಿರುವ ಕೆಂಪು ಗುರುತುಗಳನ್ನು ಕಂಡು ಗಾಬರಿಗೊಳ್ಳುವುದುಂಟು. ಯಾವ ತೊಂದರೆಯೂ ಇಲ್ಲದೆ ಕೆಲಸ ಮಾಡುತ್ತಿರುವ ಯಂತ್ರದಲ್ಲಿಯೂ ಇಂತಹ ಹಲವು ನಮೂದುಗಳು ಇದ್ದೇ ಇರುತ್ತವೆ. ಉದಾಹರಣೆಗೆ, 'ಡಿಸ್ಟ್ರಿಬ್ಯೂಟೆಡ್‌ಕಾಮ್' ಎಂಬ ಮೂಲದಿಂದ ಬರುವ 10016 ಸಂಖ್ಯೆಯ ನಮೂದು ಅಸಂಖ್ಯಾತ ಗಣಕಯಂತ್ರಗಳಲ್ಲಿ ಪ್ರತಿದಿನವೂ ಕಾಣಿಸುತ್ತದೆ. ಇದು ಯಂತ್ರದ ಕಾರ್ಯಕ್ಕೆ ಬಾಧಕವಲ್ಲವೆಂದೂ ಇದನ್ನು ಕಡೆಗಣಿಸಬಹುದೆಂದೂ ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟಪಡಿಸಿದೆ.

ಒಂದು ನಮೂದಿನ ಬಗ್ಗೆ ಕ್ರಮ ಅಗತ್ಯವೇ ಎಂಬುದನ್ನು ನಿರ್ಧರಿಸಲು ಈ ಮೂರು ಪ್ರಶ್ನೆಗಳು ಸಾಕು:

- ಗಣಕಯಂತ್ರದ ಬಳಕೆಯಲ್ಲಿ ಕಣ್ಣಿಗೆ ಕಾಣುವ ತೊಂದರೆ ಏನಾದರೂ ಇದೆಯೇ?
- ಆ ತೊಂದರೆ ಉಂಟಾದ ವೇಳೆ ಮತ್ತು ನಮೂದಿನ ವೇಳೆ ಒಂದಕ್ಕೊಂದು ಹೊಂದುತ್ತವೆಯೇ?
- ಅದೇ ನಮೂದು ಪ್ರತಿ ಬಾರಿಯೂ ಮರುಕಳಿಸುತ್ತಿದೆಯೇ?

ಮೂರಕ್ಕೂ 'ಹೌದು' ಎಂಬ ಉತ್ತರವಿದ್ದಲ್ಲಿ ಮಾತ್ರ ಆ ನಮೂದಿನ ಬೆನ್ನುಹತ್ತುವುದು ಸರಿಯಾದ ಕ್ರಮ. ಇದಕ್ಕೆ ಒಂದು ಅಪವಾದವಿದೆ. ಡಿಸ್ಕ್‌ಗೆ ಸಂಬಂಧಿಸಿದ ನಮೂದುಗಳು ಕಂಡುಬಂದಲ್ಲಿ, ಯಂತ್ರವು ಸರಿಯಾಗಿಯೇ ನಡೆಯುತ್ತಿದ್ದರೂ ತಡಮಾಡತಕ್ಕದ್ದಲ್ಲ. ಕಾರಣವನ್ನು 4(ಆ)ದಲ್ಲಿ ವಿವರಿಸಿದೆ.

ಪರಿಶೀಲನೆಯ ವೇಳೆ ಪ್ರತಿ ನಮೂದಿನ ಮೂಲ, ಇವೆಂಟ್ ಸಂಖ್ಯೆ, ದಿನಾಂಕ ಮತ್ತು ವೇಳೆ ಇವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ಪಕ್ಕದಲ್ಲಿ ನಮೂದಿಸುವುದು ಅತ್ಯಂತ ಉಪಯುಕ್ತ.

4. ಸಾಮಾನ್ಯವಾಗಿ ಮರುಕಳಿಸುವ ನಮೂದುಗಳು ಮತ್ತು ಪರಿಹಾರ

(ಅ) ಕರ್ನಲ್-ಪವರ್ 41 ಮತ್ತು ಇವೆಂಟ್‌ಲಾಗ್ 6008: ಯಂತ್ರವು ಕ್ರಮಬದ್ಧವಾಗಿ ಮುಚ್ಚಲ್ಪಡದೆ ಮತ್ತೆ ಪ್ರಾರಂಭವಾಗಿದೆ ಎಂಬುದನ್ನು ಇವು ತಿಳಿಸುತ್ತವೆ. ಕಾರಣವೇನೆಂಬುದನ್ನು ಇವು ಹೇಳುವುದಿಲ್ಲ. ವಿದ್ಯುತ್ ಕಡಿತ, ವೋಲ್ಟೇಜ್ ಕುಸಿತ, ಯುಪಿಎಸ್ ಬ್ಯಾಟರಿಯ ದೌರ್ಬಲ್ಯ, ಒಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆಯ ದೋಷ, ಧೂಳಿನಿಂದ ಉಂಟಾಗುವ ಅತಿಯಾದ ಬಿಸಿ, ಅಥವಾ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಆರಿಸಿದುದು ಇವುಗಳಲ್ಲಿ ಯಾವುದಾದರೂ ಆಗಿರಬಹುದು. 41ನೇ ನಮೂದಿನ 'ಡೀಟೇಲ್ಸ್' ಭಾಗದಲ್ಲಿ 'ಬಗ್‌ಚೆಕ್‌ಕೋಡ್' ಎಂಬುದರ ಮುಂದೆ ಸೊನ್ನೆ ಇದ್ದಲ್ಲಿ ವಿದ್ಯುತ್ತಿನ ಕಡೆಗೆ ಅಥವಾ ಯಂತ್ರವು ಸ್ತಬ್ಧಗೊಂಡುದರ ಕಡೆಗೆ ಮೊದಲು ಗಮನ ಹರಿಸಬೇಕು. ಬೇರೆ ಸಂಖ್ಯೆ ಇದ್ದಲ್ಲಿ ಚಾಲಕ ತಂತ್ರಾಂಶ ಅಥವಾ ಯಂತ್ರಾಂಶದ ದೋಷದಿಂದ ಕಾರ್ಯಾಚರಣಾ ವ್ಯವಸ್ಥೆಯೇ ನಿಂತಿದೆ ಎಂದು ತಿಳಿಯತಕ್ಕದ್ದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 41ನೇ ನಮೂದು ದಾಖಲಾಗುವುದು ಯಂತ್ರವು ಮತ್ತೆ ಪ್ರಾರಂಭವಾದ ಮೇಲೆ. ಯಂತ್ರವು ನಿಂತ ವೇಳೆ 6008ನೇ ನಮೂದಿನ ವಾಕ್ಯದೊಳಗೆ ಇರುತ್ತದೆ. ವೇಳೆಯನ್ನು ಹೋಲಿಸುವಾಗ ಎರಡನೆಯದನ್ನೇ ಪರಿಗಣಿಸತಕ್ಕದ್ದು.

(ಆ) ಡಿಸ್ಕ್ 7, 51, 153 ಮತ್ತು ಎನ್‌ಟಿಎಫ್‌ಎಸ್ 55: 7ನೇ ನಮೂದು ಡಿಸ್ಕ್‌ನಲ್ಲಿ ಕೆಟ್ಟುಹೋದ ಭಾಗವಿದೆ ಎಂದು ತಿಳಿಸುತ್ತದೆ. 51 ಮತ್ತು 153 ಓದುವ ಅಥವಾ ಬರೆಯುವ ಕಾರ್ಯದಲ್ಲಿ ತಡೆ ಉಂಟಾದುದನ್ನೂ, 55 ಕಡತ ವ್ಯವಸ್ಥೆಯ ರಚನೆ ಹಾಳಾದುದನ್ನೂ ಸೂಚಿಸುತ್ತವೆ. ಸಡಿಲವಾದ ಕೇಬಲ್ ಕಾರಣವಿರಬಹುದಾದರೂ, ಡಿಸ್ಕ್ ಸಂಪೂರ್ಣ ವಿಫಲವಾಗುವ ಮುನ್ಸೂಚನೆಯೂ ಇದಾಗಿರಬಹುದು. ಅಂಕಪಟ್ಟಿ, ಕ್ರಯಪತ್ರ, ಭಾವಚಿತ್ರ ಮುಂತಾದ ಎಲ್ಲ ಕಡತಗಳನ್ನು ಮೊದಲು ಪೆನ್‌ಡ್ರೈವ್ ಅಥವಾ ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ಅದಾದ ನಂತರವೇ ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿರುವ 'ಟೂಲ್ಸ್' ಭಾಗದ 'ಚೆಕ್' ಆಯ್ಕೆಯಿಂದ ತಪಾಸಣೆ ನಡೆಸತಕ್ಕದ್ದು. ದುರ್ಬಲ ಡಿಸ್ಕ್‌ಗೆ ತಪಾಸಣೆಯೇ ಹೊರೆಯಾಗುವುದರಿಂದ ಈ ಅನುಕ್ರಮವನ್ನು ತಪ್ಪಿಸಬಾರದು. 7ನೇ ನಮೂದು ಮರುಕಳಿಸಿದಲ್ಲಿ ಡಿಸ್ಕ್ ಬದಲಾಯಿಸುವುದೇ ಪರಿಹಾರ.

(ಇ) ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ 7000, 7009, 7031 ಮತ್ತು 7034: ಹಿನ್ನೆಲೆಯಲ್ಲಿ ನಡೆಯಬೇಕಾದ ಒಂದು ಸೇವೆ ಪ್ರಾರಂಭವಾಗಲಿಲ್ಲ, ನಿಗದಿತ ಸಮಯದಲ್ಲಿ ಉತ್ತರಿಸಲಿಲ್ಲ ಅಥವಾ ನಡುವೆ ನಿಂತುಹೋಯಿತು ಎಂಬುದು ಇವುಗಳ ಅರ್ಥ. ಸೇವೆಯ ಹೆಸರು ನಮೂದಿನಲ್ಲಿಯೇ ಇರುತ್ತದೆ. ಹಳೆಯ ಪ್ರಿಂಟರ್ ಅಥವಾ ಸ್ಕ್ಯಾನರ್ ತಂತ್ರಾಂಶವನ್ನು ಅರ್ಧಂಬರ್ಧ ತೆಗೆದುಹಾಕಿದಾಗ ಇಂತಹ ನಮೂದುಗಳು ಪ್ರತಿ ಬಾರಿ ಯಂತ್ರ ಪ್ರಾರಂಭವಾದಾಗಲೂ ಬರುತ್ತವೆ. ಆ ತಂತ್ರಾಂಶವನ್ನು ಪುನಃ ಸ್ಥಾಪಿಸುವುದು ಅಥವಾ ಪೂರ್ಣವಾಗಿ ತೆಗೆಯುವುದು ಪರಿಹಾರ. ಹೆಸರು ಪರಿಚಯವಿಲ್ಲದ ಸೇವೆಗಳನ್ನು ಊಹೆಯ ಮೇಲೆ ನಿಷ್ಕ್ರಿಯಗೊಳಿಸಬಾರದು.

(ಈ) ಅಪ್ಲಿಕೇಶನ್ ಎರರ್ 1000 ಮತ್ತು ಅಪ್ಲಿಕೇಶನ್ ಹ್ಯಾಂಗ್ 1002: ಇವು ಅಪ್ಲಿಕೇಶನ್ ವಿಭಾಗದಲ್ಲಿ ಕಾಣುತ್ತವೆ ಮತ್ತು ಕುಸಿದುಬಿದ್ದ ತಂತ್ರಾಂಶದ ಹೆಸರನ್ನು ನೀಡುತ್ತವೆ. ಪ್ರತಿ ಬಾರಿಯೂ ಒಂದೇ ತಂತ್ರಾಂಶದ ಹೆಸರಿದ್ದಲ್ಲಿ ದೋಷ ಅದರಲ್ಲಿಯೇ ಇರುವ ಸಂಭವ ಹೆಚ್ಚು. ಬ್ರೌಸರ್ ಆಗಿದ್ದಲ್ಲಿ ಅದನ್ನು ನವೀಕರಿಸಿ, ಹೆಚ್ಚುವರಿ ಎಕ್ಸ್‌ಟೆನ್ಶನ್‌ಗಳನ್ನು ನಿಷ್ಕ್ರಿಯಗೊಳಿಸಿ ನೋಡಬೇಕು. ಒಂದೊಂದು ಬಾರಿ ಒಂದೊಂದು ತಂತ್ರಾಂಶ ಕುಸಿಯುತ್ತಿದ್ದಲ್ಲಿ ಯಂತ್ರದ ಮೆಮೊರಿಯ ಮೇಲೆ ಸಂಶಯಪಡಬೇಕು. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಸಾಧನದಿಂದ ಇದನ್ನು ಪರೀಕ್ಷಿಸಬಹುದಾಗಿದ್ದು, ಫಲಿತಾಂಶವು ಸಿಸ್ಟಂ ಲಾಗ್‌ನಲ್ಲಿಯೇ ದಾಖಲಾಗುತ್ತದೆ.

(ಉ) ಟೈಮ್-ಸರ್ವಿಸ್ ನಮೂದುಗಳು: ಗಣಕಯಂತ್ರದ ಗಡಿಯಾರವನ್ನು ಅಂತರ್ಜಾಲದ ಸಮಯದೊಂದಿಗೆ ಹೊಂದಿಸಲು ಆಗಲಿಲ್ಲವೆಂಬುದನ್ನು ಈ ಮೂಲದ ಎಚ್ಚರಿಕೆಗಳು ತಿಳಿಸುತ್ತವೆ. ಇವು ಸಾಮಾನ್ಯವಾಗಿ ವಾರ್ನಿಂಗ್ ಮಟ್ಟದಲ್ಲಿ ಇರುವುದರಿಂದ ಫಿಲ್ಟರ್‌ನಲ್ಲಿ ಆ ಮಟ್ಟವನ್ನೂ ಸೇರಿಸಿ ನೋಡಬೇಕು. ಅರ್ಜಿದಾರರಿಗೆ ಇದು ಮುಖ್ಯ. ಯಂತ್ರದ ದಿನಾಂಕ ಬಹಳ ಹಿಂದಿನದಾಗಿದ್ದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಸಂಪರ್ಕ ಖಾಸಗಿಯಲ್ಲ ಎಂಬ ಎಚ್ಚರಿಕೆ ಬರುತ್ತದೆ. ಸೇವಾ ಜಾಲತಾಣವೇ ಕೆಟ್ಟಿದೆಯೆಂದು ಅರ್ಜಿದಾರರು ಭಾವಿಸುವುದುಂಟು. ಪ್ರತಿ ಬಾರಿ ಯಂತ್ರ ಆರಿಸಿ ಹಚ್ಚಿದಾಗ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿದೆ ಎಂದರ್ಥ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಮಾದರಿ ಇರುತ್ತದೆ. ಇದು ಅಲ್ಪ ವೆಚ್ಚದ ದುರಸ್ತಿ.

(ಊ) ಡಿಎನ್‌ಎಸ್ ಕ್ಲೈಂಟ್ 1014: ಜಾಲತಾಣದ ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಕಾರ್ಯಕ್ಕೆ ಸಕಾಲದಲ್ಲಿ ಉತ್ತರ ಬರಲಿಲ್ಲ ಎಂಬುದು ಇದರ ಅರ್ಥ. ಇದು ಕೂಡ ವಾರ್ನಿಂಗ್ ಮಟ್ಟದ ನಮೂದು. ಅಪರೂಪಕ್ಕೆ ಬಂದಲ್ಲಿ ಕಡೆಗಣಿಸಬಹುದು. ಪ್ರತಿದಿನ ಬರುತ್ತಿದ್ದಲ್ಲಿ ರೂಟರ್ ಅನ್ನು ಆರಿಸಿ ಮತ್ತೆ ಹಚ್ಚುವುದು, ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಸಂಪರ್ಕಿಸಿ ಹೋಲಿಸುವುದು ಇವುಗಳಿಂದ ದೋಷ ಯಂತ್ರದ್ದೋ ಸಂಪರ್ಕದ್ದೋ ಎಂಬುದು ತಿಳಿಯುತ್ತದೆ.

5. ನಿದರ್ಶನ

ಪರಿಶೀಲನೆಯ ವಿಧಾನವನ್ನು ಸ್ಪಷ್ಟಪಡಿಸಲು ಈ ಕೆಳಗಿನ ಕಲ್ಪಿತ ನಿದರ್ಶನವನ್ನು ನೀಡಲಾಗಿದೆ.

ತಾಲ್ಲೂಕು ಕೇಂದ್ರವೊಂದರಲ್ಲಿ ವಾಸಿಸುವ ಅರ್ಜಿದಾರರೊಬ್ಬರು ಮಗಳ ಆದಾಯ ಪ್ರಮಾಣಪತ್ರಕ್ಕಾಗಿ ಸಂಜೆ ಅರ್ಜಿ ಭರ್ತಿ ಮಾಡುತ್ತಿರುವಾಗ ಗಣಕಯಂತ್ರ ಎರಡು ಬಾರಿ ತಾನಾಗಿಯೇ ಮರುಪ್ರಾರಂಭವಾಗುತ್ತದೆ. ವೈರಸ್ ಇರಬಹುದೆಂದು ಅಂಗಡಿಯವರು ವಿಂಡೋಸ್ ಅನ್ನು ಹೊಸದಾಗಿ ಸ್ಥಾಪಿಸಿಕೊಡುತ್ತಾರೆ. ಆದರೂ ತೊಂದರೆ ನಿಲ್ಲುವುದಿಲ್ಲ. ಕೆಲವು ವಾರಗಳ ನಂತರ ಲಾಗ್ ತೆರೆದು 6008ನೇ ನಮೂದುಗಳನ್ನು ಹಾಳೆಯ ಮೇಲೆ ಬರೆದಾಗ ಎಲ್ಲವೂ ಸಂಜೆ 6ರಿಂದ 6.30ರ ನಡುವೆ, ಅದೂ ದಿನ ಬಿಟ್ಟು ದಿನ ಉಂಟಾಗಿರುವುದು ಕಂಡುಬರುತ್ತದೆ. ವೈರಸ್ ದಿನ ಬಿಟ್ಟು ದಿನ ಅದೇ ವೇಳೆಗೆ ಬರುವುದು ಅಸಂಭವ. ಆ ಬಡಾವಣೆಗೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ನೀರು ಬಂದ ಸಂಜೆ ಸಂಪಿನಿಂದ ಮೇಲಿನ ತೊಟ್ಟಿಗೆ ಏರಿಸಲು ಮೋಟಾರು ಹಚ್ಚಲಾಗುತ್ತದೆ.

ಮೋಟಾರು ಪ್ರಾರಂಭವಾಗುವ ಕ್ಷಣದಲ್ಲಿ ಹೆಚ್ಚಿನ ವಿದ್ಯುತ್ತನ್ನು ಎಳೆದುಕೊಳ್ಳುವುದರಿಂದ ಅದೇ ಲೈನಿನ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಯುಪಿಎಸ್ ಸುಸ್ಥಿತಿಯಲ್ಲಿದ್ದರೆ ಈ ಕುಸಿತ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಈ ಮನೆಯ ಯುಪಿಎಸ್‌ನ ಬ್ಯಾಟರಿ ಆರು ವರ್ಷ ಹಳೆಯದು. ಯಾವ ಕೆಲಸವೂ ನಡೆಯದಿರುವಾಗ ಗಣಕಯಂತ್ರವನ್ನು ಹಚ್ಚಿಟ್ಟು ಮೋಟಾರು ಚಾಲೂ ಮಾಡಿದಾಗ ಯಂತ್ರ ಮರುಪ್ರಾರಂಭವಾಗುತ್ತದೆ. ಬ್ಯಾಟರಿ ಬದಲಾಯಿಸಿದ ನಂತರ ಅದೇ ಪರೀಕ್ಷೆಯಲ್ಲಿ ತೊಂದರೆ ಕಾಣುವುದಿಲ್ಲ. ಮುಂದಿನ ಎರಡು ವಾರಗಳ ಲಾಗ್‌ನಲ್ಲಿಯೂ 6008ನೇ ನಮೂದು ಇರುವುದಿಲ್ಲ.

ಇಲ್ಲಿ ಪರಿಹಾರಕ್ಕೆ ದಾರಿ ತೋರಿಸಿದುದು ದೋಷದ ಸಂಖ್ಯೆಯಲ್ಲ, ಅದು ಮರುಕಳಿಸಿದ ವೇಳೆ. ಒಂದೇ ನಮೂದನ್ನು ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ.

6. ಅನುಸರಿಸಬೇಕಾದ ಕ್ರಮ

(ಅ) ಮೊದಲು ಮುಖ್ಯ ಕಡತಗಳ ನಕಲು ತೆಗೆದಿರಿಸುವುದು.

(ಆ) ಲಾಗ್ ಅನ್ನು ಅಳಿಸದೆ, ಬಲಬದಿಯ 'ಸೇವ್' ಆಯ್ಕೆಯಿಂದ ಅದರ ಪ್ರತಿಯನ್ನು ಉಳಿಸಿಕೊಳ್ಳುವುದು. 'ಕ್ಲಿಯರ್ ಲಾಗ್' ಒತ್ತಿದರೆ ದಾಖಲೆ ಮಾತ್ರ ಹೋಗುತ್ತದೆ, ದೋಷ ಉಳಿಯುತ್ತದೆ.

(ಇ) ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು. ಒಂದೇ ದಿನ ನಾಲ್ಕು ಬದಲಾವಣೆ ಮಾಡಿದಲ್ಲಿ ಯಾವುದರಿಂದ ಸರಿಹೋಯಿತು ಅಥವಾ ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

(ಈ) ಬದಲಾವಣೆಯ ನಂತರ 'ಶಟ್‌ಡೌನ್' ಬದಲು 'ರೀಸ್ಟಾರ್ಟ್' ಮಾಡುವುದು. ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಇರುವ ಯಂತ್ರಗಳಲ್ಲಿ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿ ಮುಂದಿನ ಬಾರಿ ಅದನ್ನೇ ಬಳಸಲಾಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಪ್ರಾರಂಭವಾಗುತ್ತದೆ.

(ಉ) ತೊಂದರೆ ಹಿಂದೆ ಎಷ್ಟು ದಿನಕ್ಕೊಮ್ಮೆ ಮರುಕಳಿಸುತ್ತಿತ್ತೋ ಅದಕ್ಕಿಂತ ಹೆಚ್ಚಿನ ಅವಧಿಯವರೆಗೆ ಕಾದು, ಲಾಗ್ ಅನ್ನು ಮತ್ತೊಮ್ಮೆ ನೋಡಿ, ನಂತರವೇ ದುರಸ್ತಿಯಾಗಿದೆ ಎಂದು ಭಾವಿಸುವುದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 14-10-2025ರಂದು ಮುಕ್ತಾಯಗೊಂಡಿರುತ್ತದೆ. ಅಂತಹ ಯಂತ್ರಗಳಲ್ಲಿಯೂ ಲಾಗ್ ಓದುವ ವಿಧಾನ ಇದೇ ಆಗಿದ್ದರೂ, ಭದ್ರತಾ ದೃಷ್ಟಿಯಿಂದ ವಿಂಡೋಸ್ 11ಕ್ಕೆ ಬದಲಾಯಿಸಿಕೊಳ್ಳುವುದು ಸೂಕ್ತ.

7. ವಂಚಕರ ಬಗ್ಗೆ ಎಚ್ಚರಿಕೆ

ಲಾಗ್‌ನ ಕೆಂಪು ಗುರುತುಗಳನ್ನೇ ಬಂಡವಾಳವಾಗಿಸಿಕೊಂಡ ವಂಚನೆ ಬಹುಕಾಲದಿಂದ ನಡೆಯುತ್ತಿದೆ. ಹೆಸರಾಂತ ತಂತ್ರಾಂಶ ಸಂಸ್ಥೆಯಿಂದ ಮಾತನಾಡುತ್ತಿರುವುದಾಗಿ ದೂರವಾಣಿ ಕರೆ ಮಾಡಿ, ಇವೆಂಟ್ ವ್ಯೂವರ್ ತೆರೆಯಿಸಿ, ಅಲ್ಲಿರುವ ಸಾಮಾನ್ಯ ನಮೂದುಗಳನ್ನು ವೈರಸ್ ಎಂದು ನಂಬಿಸಿ, ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶ ಹಾಕಿಸಿ ಹಣ ಪಡೆಯುವುದು ಇದರ ರೀತಿ. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂತಹ ಆರು ಜಾಲಗಳ ವಿರುದ್ಧ ನ್ಯಾಯಾಲಯದಲ್ಲಿ ಕ್ರಮ ಕೈಗೊಂಡಿತ್ತು.

ಮನೆಯ ಗಣಕಯಂತ್ರದ ಲಾಗ್‌ನಲ್ಲಿ ದೋಷವಿದೆಯೆಂದು ಯಾವುದೇ ತಂತ್ರಾಂಶ ಸಂಸ್ಥೆಯಾಗಲಿ, ಸರ್ಕಾರಿ ಇಲಾಖೆಯಾಗಲಿ ತಾನಾಗಿ ಕರೆ ಮಾಡುವುದಿಲ್ಲ. ಇಂತಹ ಕರೆ ಬಂದಲ್ಲಿ ಕೂಡಲೇ ಕಡಿತಗೊಳಿಸತಕ್ಕದ್ದು. ಒಟಿಪಿ, ಪಾಸ್‌ವರ್ಡ್ ಹಾಗೂ ಬ್ಯಾಂಕ್ ವಿವರಗಳನ್ನು ಯಾರಿಗೂ ನೀಡಬಾರದು. ಈಗಾಗಲೇ ಹಣ ಹೋಗಿದ್ದಲ್ಲಿ ಅಂತರ್ಜಾಲ ಸಂಪರ್ಕವನ್ನು ತೆಗೆದು, ತಡಮಾಡದೆ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸತಕ್ಕದ್ದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶುಲ್ಕ ಪಾವತಿಸುವಾಗ ಗಣಕಯಂತ್ರ ನಿಂತುಹೋದಲ್ಲಿ ಮತ್ತೆ ಪಾವತಿಸಬೇಕೇ?
ಉತ್ತರ: ಕೂಡಲೇ ಪಾವತಿಸಬಾರದು. ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ನೋಡಿ, ಸೇವಾ ಜಾಲತಾಣದಲ್ಲಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿದ ನಂತರ ಮುಂದುವರಿಯತಕ್ಕದ್ದು. ವಹಿವಾಟಿನ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ಪ್ರಶ್ನೆ: ಅರ್ಜಿ ಸಲ್ಲಿಸಿದ ವೇಳೆಗೆ ಯಂತ್ರ ಕೆಟ್ಟಿತ್ತೆಂಬ ಲಾಗ್‌ನ ಪ್ರತಿ ಅರ್ಜಿ ಸಲ್ಲಿಕೆಗೆ ಪುರಾವೆಯಾಗುತ್ತದೆಯೇ?
ಉತ್ತರ: ಇಲ್ಲ. ಯಂತ್ರದಲ್ಲಿ ಏನಾಯಿತು ಎಂಬುದನ್ನಷ್ಟೇ ಲಾಗ್ ತಿಳಿಸುತ್ತದೆ. ಅರ್ಜಿ ಸ್ವೀಕೃತವಾಗಿದೆ ಎಂಬುದಕ್ಕೆ ಸ್ವೀಕೃತಿ ಸಂಖ್ಯೆಯೇ ಆಧಾರ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೂ ಸ್ವೀಕೃತಿಯನ್ನು ಪಡೆದು ಕಾಯ್ದಿರಿಸಿಕೊಳ್ಳತಕ್ಕದ್ದು.

ಪ್ರಶ್ನೆ: ದೋಷ ಸರಿಪಡಿಸುವವರೆಗೆ ಅರ್ಜಿ ಸಲ್ಲಿಸುವುದು ಹೇಗೆ?
ಉತ್ತರ: ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಯಂತ್ರದ ದುರಸ್ತಿಗಾಗಿ ಕಾಯಬಾರದು. ಗ್ರಾಮ ಒನ್ ಕೇಂದ್ರ, ನಾಡಕಚೇರಿ ಅಥವಾ ಸಂಬಂಧಿಸಿದ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿ, ದುರಸ್ತಿಯನ್ನು ನಂತರ ಕೈಗೊಳ್ಳುವುದು.

ಪ್ರಶ್ನೆ: ಲಾಗ್‌ನಲ್ಲಿ ಒಂದೂ ದೋಷ ಇರದಂತೆ ಮಾಡಲು ಸಾಧ್ಯವೇ?
ಉತ್ತರ: ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಕೆಲಸಕ್ಕೆ ಅಡ್ಡಿಯಾಗುವ, ಮರುಕಳಿಸುವ ದೋಷಗಳನ್ನು ಮಾತ್ರ ನಿವಾರಿಸಿದಲ್ಲಿ ಸಾಕು.

ಸೂಚನೆ: ಗಣಕಯಂತ್ರದ ಒಳಭಾಗವನ್ನು ತೆರೆಯುವ ಮುನ್ನ ವಿದ್ಯುತ್ ಸಂಪರ್ಕವನ್ನು ಸಂಪೂರ್ಣವಾಗಿ ತೆಗೆಯತಕ್ಕದ್ದು. ವಿದ್ಯುತ್ ಪೂರೈಕೆ ಪೆಟ್ಟಿಗೆ ಮತ್ತು ಯುಪಿಎಸ್‌ಗಳನ್ನು ಮನೆಯಲ್ಲಿ ಬಿಚ್ಚಬಾರದು. ಆರಿಸಿದ ನಂತರವೂ ಅವುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಮುಂಗಾರು ಪೂರ್ವದ ಗುಡುಗು ಮಿಂಚಿನ ವೇಳೆ ವಿದ್ಯುತ್ ಮತ್ತು ದೂರವಾಣಿ ತಂತಿಗಳೆರಡನ್ನೂ ಯಂತ್ರದಿಂದ ಬೇರ್ಪಡಿಸುವುದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಂಡು, ಅರ್ಜಿಗಳನ್ನು ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಸಲ್ಲಿಸುವಂತೆ ಕೋರಲಾಗಿದೆ.